ಭಾರಕ್ಕೆ ಕೂತವನು

ಕಲ್ಲು ತುಂಬಿದ ಪೆಟ್ಟಿಗೆ ತಲೆಯ ಮಟ್ಟ ದಾಟಿ ಮೇಲೇರಿತ್ತು. ಅದನ್ನು ಸಾಲಿಗೆ ನೇರ ಮಾಡಲು ಡ್ರೈವರ ಸರ್ದಾರ ಸ್ಟೀರಿಂಗ್ ತಿರುಗಿಸಿದ. ಕೈಗೆ ಹಗುರವಾಗಿ ಬಂತು. ಫೋರ್ಕ್‌ಲಿಫ್ಟಿನಲ್ಲಿ ತಿರುಗುವುದು ಹಿಂದಿನ ಗಾಲಿ. ಅದು ನೆಲ ಬಿಡುವ ಮನಸ್ಸು ಮಾಡಿದರೆ ಮೊದಲು ಗೊತ್ತಾಗುವುದು ಡ್ರೈವರನ ಕೈಗೆ. ಅವನು ಹಿಂತಿರುಗಿ ನೋಡಿದ. ಗಾಡಿಯ ಬೆನ್ನ ಮೇಲೆ ಅಂಬರಾಯ ಎಲೆ ಮೆಲ್ಲುತ್ತ ಕೂತಿದ್ದ.

ಶಹಾಬಾದಿನ ಆ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಗೋದಾಮಿನಲ್ಲಿ ಅಂಬರಾಯನ ಕೆಲಸವೇ ಅದು. ನೆಲದ ಹತ್ತಿರ ಎರಡು ಟನ್ ಹೊರುವ ಗಾಡಿ, ಮೇಲೆ ಹೋದಷ್ಟೂ ಅದರ ತಾಕತ್ತು ಇಳಿಯುತ್ತದೆ ಎಂದು ಗಾಡಿ ತಂದ ಮುಂಬಯಿಯ ಮಿಸ್ತ್ರಿ ಹೇಳಿ ಹೋಗಿದ್ದ. ಹಾಗಾದರೆ ಹಿಂದೆ ಭಾರ ಇಟ್ಟರಾಯಿತು ಎಂದ ಹಮಾಲರ ಮೇಲ್ವಿಚಾರಣೆಯ ಮುಕಾದಮ ನರಸಪ್ಪ. ಕಬ್ಬಿಣ ಕಟ್ಟಿದರೆ ಇಕ್ಕಟ್ಟಿನಲ್ಲಿ ಗಾಡಿ ತಿರುಗದು, ಮನುಷ್ಯನಾದರೆ ಬೇಕಾದಾಗ ಹತ್ತಿ ಬೇಡವಾದಾಗ ಇಳಿಯುತ್ತಾನೆ ಎಂದು ಲೆಕ್ಕ ಹಾಕಿ ತೆಂಗಳಿಯ ಈ ಹಳೆಯ ಪೈಲ್ವಾನನನ್ನು ಕರೆತಂದಿದ್ದ. ನಮಗೆ ಹೊತ್ತರೆ ಕೂಲಿ, ಅವನಿಗೆ ಕೂತರೆ ಕೂಲಿ ಎಂದು ಹಮಾಲರು ನಗುತ್ತಿದ್ದರು. ಅಂಬರಾಯನೂ ನಗುತ್ತಿದ್ದ.

ಮೇಲಿನ ಅಂಗಿ ನೋಡಿದವರಿಗೆ ಅವನು ಈಗಲೂ ಅದೇ ಪೈಲ್ವಾನ. ಆದರೆ ದಸರೆಯಿಂದೀಚೆಗೆ ಅವನು ಹತ್ತಿ ಕೂತಾಗ ಹಿಂದಿನ ಟೈರು ಮೊದಲಿನಷ್ಟು ಕುಗ್ಗುತ್ತಿರಲಿಲ್ಲ. ಅದು ಸರ್ದಾರನೊಬ್ಬನಿಗೆ ಗೊತ್ತು. ಏನಾಗ್ಯದ ಅಣ್ಣ ಎಂದು ಕೇಳುವ ಮಾತು ಎಷ್ಟೋ ಸಲ ನಾಲಗೆಯ ತುದಿಗೆ ಬಂದು ಹಿಂದೆ ಹೋಗಿತ್ತು. ಮುಕಾದಮನ ಕಿವಿಗೆ ಬಿದ್ದರೆ? ಮಂಡಿ ಸವೆದ ಮನುಷ್ಯ, ಕಲ್ಲು ಹೊರಲಾರ. ತೂಕವೂ ಇಲ್ಲವೆಂದಾದರೆ ಅವನನ್ನು ಯಾರು ಇಟ್ಟುಕೊಳ್ಳುತ್ತಾರೆ? ಹೇಗೂ ಎರಡು ಪೆಟ್ಟಿಗೆಗಿಂತ ಎತ್ತರಕ್ಕೆ ಪೇರಿಸುವ ಪ್ರಸಂಗ ಬಂದಿರಲಿಲ್ಲ. ಇಂದು ಕಲ್ಲು ಒಯ್ಯುವ ರೈಲು ವ್ಯಾಗನ್ ಬರಲಿಲ್ಲ, ಗೋದಾಮು ತುಂಬಿತು, ಮೂರನೆಯದನ್ನು ಏರಿಸು ಎಂದು ಹುಕುಮಾಯಿತು.

"ಯಾಕ ನಿಂತಿ?" ನರಸಪ್ಪ ಕೆಳಗಿನಿಂದ ಕೇಳಿದ.

"ಹಿಂದ ಹಗುರ ಅನಸ್ಲಿಕತ್ತದ್ರಿ."

"ಹಂಗಾದ್ರ ಇನ್ನೊಬ್ಬನ್ನ ಕುಂದರಸ್ಲೇನು?"

ಅಂಬರಾಯ ಎಲೆಯ ರಸ ಉಗುಳಿ ನಕ್ಕ. "ನಾ ಒಬ್ಬ ಕುಂತ್ರ ಇಬ್ಬರು ಕುಂತಂಗ್ರಿ ಮುಕಾದಮರ. ತಮ್ಮ ಸುಮ್ನ ಅಂಜ್ಯಾನ." ಬಾಯಿ ನಗುತ್ತಿತ್ತು, ಕಣ್ಣು ಮಾತ್ರ ಸರ್ದಾರನನ್ನು ಬೇಡುತ್ತಿತ್ತು. "ಹೌದಲ್ಲೋ?"

ಸರ್ದಾರ ಮುಂದಕ್ಕೆ ತಿರುಗಿ ಹಿಡಿಕೆ ಎಳೆದ.

ಪೆಟ್ಟಿಗೆ ಇನ್ನೊಂದು ಮೊಳ ಏರಿತು. ನೊಗದ ಎತ್ತು ಮೊಣಕಾಲೂರಿದಂತೆ ಗಾಡಿ ಮುಂದಕ್ಕೆ ಬಾಗಿತು. ಕಲ್ಲು ಜಾರಿ ಬಿದ್ದು ಪುಡಿಯಾಯಿತು. ಹೊರೆ ಕಳೆದುಕೊಂಡ ಗಾಡಿಯ ಹಿಂಬದಿ ಧಪ್ಪನೆ ನೆಲಕ್ಕೆ ಬಂತು. ಅಷ್ಟರಲ್ಲಿ ಕೆಳಗೆ ಉರುಳಿದ್ದ ಅಂಬರಾಯನ ಬಲಗಾಲು ಅದರಡಿಗೆ ಸಿಕ್ಕಿತ್ತು.

ಮೂರನೆಯ ದಿನ ಸರ್ದಾರ ಗುಲ್ಬರ್ಗದ ಆಸ್ಪತ್ರೆಗೆ ಹೋದ. ಹೊದಿಕೆ ಬಲಗಡೆ ಮಂಡಿಯವರೆಗೆ ಉಬ್ಬಿ, ಅಲ್ಲಿಂದಾಚೆ ಮಂಚಕ್ಕೆ ಸಪಾಟಾಗಿ ಅಂಟಿಕೊಂಡಿತ್ತು. ಮಾತು ಅಂಬರಾಯನೇ ತೆಗೆದ. ಸಕ್ಕರೆ ಕಾಯಿಲೆಯಂತೆ, ಮೂವತ್ತು ಕಿಲೋ ಇಳಿದಿದ್ದನಂತೆ. "ನಿನಗ ಹೇಳದ ಮುಚ್ಚಿಟ್ಟೆ. ತಪ್ಪು ನಂದು, ತಮ್ಮ."

ತಲೆ ಆಡಿಸಿ ಎದ್ದು ಬಂದುಬಿಡಬಹುದಿತ್ತು. ಸರ್ದಾರ ಸ್ಟೂಲಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ.

"ನನಗ ಗೊತ್ತಿತ್ತು, ಅಣ್ಣ."

"ಯಾವಾಗಿಂದ?"

"ದಸರಾದಿಂದ."

ಅಂಬರಾಯ ಕಾಲಿನ ಮಾತು ಎತ್ತಲಿಲ್ಲ.

"ದಪ್ಪ ಕಾಣ್ಲಿ ಅಂತ ಈ ಬ್ಯಾಸಗ್ಯಾಗ ದಿನಾ ಹೊಟ್ಟಿಗಿ ಗೋಣಿಚೀಲ ಸುತ್ಗೊಂಡು ಬರ್ತಿದ್ದೆ," ಅಂದ. "ಹೇಳಬೇಕಿತ್ತಲ್ಲೋ. ನಿನ್ನ ಮುಂದಾದ್ರೂ ಬಿಚ್ಚಿ ಕುಂದರ್ತಿದ್ದೆ."