ಒಂದು ಬೆರಳಿಗೆ ತಿರುಗುವ ಸ್ಟೀರಿಂಗ್

"ಇನ್ನೂ ಹಗುರ ಆಗ್ಬೇಕು ಕಣಯ್ಯಾ," ಅಂತ ಯಜಮಾನರು ಮತ್ತೆ ಕಾರು ತಂದು ನಿಲ್ಲಿಸಿದಾಗ ಮೆಕ್ಯಾನಿಕ್‌ಗೆ ತಲೆ ಕೆಟ್ಟುಹೋಯಿತು.

ಕೆಡದೆ ಇನ್ನೇನು? ಮೊದಲ ಸಲ ಸ್ಟೀರಿಂಗ್ ಆಯಿಲ್ ಬದಲಿಸಿ, ಪಂಪಿನ ಬೆಲ್ಟ್ ಬಿಗಿ ಮಾಡಿದ್ದ. ಆಮೇಲೆ ಪಂಪನ್ನೇ ಬಿಚ್ಚಿ, ವಾಲ್ವಿನ ಸ್ಪ್ರಿಂಗ್ ಹಿಂದೆ ತೆಳ್ಳನೆಯ ವಾಷರ್ ಇಟ್ಟು ಪ್ರೆಶರ್ ಏರಿಸಿದ್ದ. ನಿಂತ ಕಾರಿನಲ್ಲೂ ಸ್ಟೀರಿಂಗ್ ಎರಡು ಬೆರಳಿಗೆ ತಿರುಗುತ್ತಿತ್ತು.

"ಒಂದು ಬೆರಳಿಗೆ ತಿರುಗ್ಬೇಕು." ಯಜಮಾನರು ಎಡಗೈಯಿಂದ ಬಾನೆಟ್ ಮೇಲೆ ತಾಳ ಹಾಕುತ್ತಿದ್ದರು. "ಆಯಿಲ್ ಹೋಗೋ ತೂತು ಸ್ವಲ್ಪ ದೊಡ್ಡದು ಮಾಡು. ಧಾರಾಳವಾಗಿ ಹರೀಲಿ."

"ಈ ವಯಸ್ಸಲ್ಲಿ ರೇಸಿಗೆ ಹೋಗ್ತೀರಾ ಏನು ಕಥೆ?"

ಯಜಮಾನರು ನಕ್ಕು ಮಾತು ಹಾರಿಸಿದರು. ಜೀವಮಾನವಿಡೀ ಬಸ್ಸು ಓಡಿಸಿದ ಮನುಷ್ಯ. ಆಗೆಲ್ಲ ಪವರ್ ಸ್ಟೀರಿಂಗ್ ಎಲ್ಲಿತ್ತು? ರಟ್ಟೆ ಬಲದಲ್ಲೇ ತಿರುಗಿಸಬೇಕಿತ್ತು. ಅಂಥವರು ಗೇರಿನ ರಗಳೆಯೂ ಇಲ್ಲದ ಈ ಪುಟ್ಟ ಆಟೋಮ್ಯಾಟಿಕ್ ಕಾರಿಗೆ ಸುಸ್ತಾದರೆ?

ಅವರು ಅತ್ತ ಹೋದರೋ ಇಲ್ಲವೋ, ಇತ್ತ ಮಗಳು ಬಂದಳು. ನರ್ಸ್.

"ಅಣ್ಣಾ, ಸ್ಟೀರಿಂಗ್ ಹಗುರ ಮಾಡ್ಬೇಡಿ. ಭಾರ ಆಗ್ಲಿ. ಆಗಲಾದ್ರೂ ಅಪ್ಪ ಕೀ ನನ್ನ ಕೈಗೆ ಕೊಡ್ತಾರೆ."

"ಯಾಕಕ್ಕಾ, ಏನಾಯ್ತು?"

"ಅಪ್ಪನ ಎಡಗೈ ಹೋಗಿದೆ. ಸ್ಕೂಟರಲ್ಲಿ ಹಿಂದೇನೇ ಬಂದು ನೋಡಿದೀನಿ. ಎಂಥ ತಿರುವಾದ್ರೂ ಬಲಗೈ ಒಂದೇ. ಮಣಿಕಟ್ಟಲ್ಲಿ ಕೆಂಪು ಗೀರು ಬೇರೆ. ಎಲ್ಲಿ ತಗಲಿತು ಅಂದ್ರೆ ಗೊತ್ತಿಲ್ಲ ಅಂತಾರೆ. ಸ್ಪರ್ಶಾನೇ ಇಲ್ವೇನೋ! ಆಸ್ಪತ್ರೆಗೆ ಬನ್ನಿ ಅಂದ್ರೆ ರೇಗ್ತಾರೆ."

ಮೆಕ್ಯಾನಿಕ್‌ಗೆ ಯಜಮಾನರ ಮೇಲೆ ಕನಿಕರ ಬಂತು. ಡ್ರೈವರ್ ಕೈಯಿಂದ ಕೀ ಕಿತ್ತುಕೊಂಡರೆ ಉಳಿಯುವುದೇನು? ಅವನು ತೂತನ್ನು ಹುಷಾರಾಗಿ, ಪೈಪ್ ಒಡೆಯದಷ್ಟೇ ದೊಡ್ಡದು ಮಾಡಿದ. ಸ್ಟೀರಿಂಗ್ ಕಿರುಬೆರಳಿಗೂ ಬಗ್ಗಿತು.

"ಸಂಜೆ ಎಲ್ಲರೂ ಕೂತು ಒಂದು ಸುತ್ತು ಹಾಕೋಣ," ಅಂತ ಮಗಳಿಗೆ ಹೇಳಿದ. "ನೀವೇ ನೋಡಿ. ಕೈ ಆಗಲ್ಲ ಅನ್ನಿಸಿದ್ರೆ ಕೀ ನಿಮ್ಮದು."

ಸಂಜೆ ಅವಳ ಅಮ್ಮನೂ ಬಂದರು. ಊರಿಗೆಲ್ಲ ಹೆಡ್ ಮೇಡಂ. ನಿವೃತ್ತಿಯಾಗಿ ಎಷ್ಟೋ ವರ್ಷವಾಗಿದ್ದರೂ ಮೆಕ್ಯಾನಿಕ್ ಕೈ ಒರೆಸಿಕೊಂಡು ನೆಟ್ಟಗೆ ನಿಂತ. ಕ್ಲಾಸಿಗೆ ಹಾವು ನುಗ್ಗಿದಾಗ ಪೊರಕೆ ಹಿಡಿದು ಹೊರಗಟ್ಟಿದ ಹೆಂಗಸು! ಗಂಡನೂ ಅವರೆದುರು ಜೋರಾಗಿ ಕೆಮ್ಮಿದವರಲ್ಲ.

"ಅವರ ಕೈಗೆ ಏನೂ ಆಗಿಲ್ಲ," ಮೇಡಂ ಮಗಳ ಮೇಲೆ ಹರಿಹಾಯ್ದರು. "ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ಹಾಗೆಂದು ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತರು. ಮಗಳು, ಮೆಕ್ಯಾನಿಕ್ ಹಿಂದೆ.

ಕಾರು ಹೊರಟಿತು. ಪಂಪು ಸದ್ದಿಲ್ಲದೆ ಕೆಲಸ ಮಾಡುತ್ತಿತ್ತು. ಮೊದಲ ತಿರುವಿನಲ್ಲಿ ಸ್ಟೀರಿಂಗ್ ಬೆಣ್ಣೆಯ ಹಾಗೆ ತಿರುಗಿತು, ಬಲಗೈಯಲ್ಲೇ. ಮಗಳು ತುಟಿ ಕಚ್ಚಿಕೊಂಡಳು. ಮುಖ್ಯರಸ್ತೆ ಸೇರಿದರು. ಎದುರಿಗೆ ಲಾರಿಯೊಂದು ಹಾರ್ನ್ ಹೊಡೆಯುತ್ತ ನುಗ್ಗಿ ಬಂತು. ಯಜಮಾನರು ಸಲೀಸಾಗಿ ಪಕ್ಕಕ್ಕೆಳೆದರು, ಆಗಲೂ ಬಲಗೈಯಲ್ಲೇ.

"ಅಪ್ಪಾ, ಇನ್ನೊಂದು ಕೈ!" ಮಗಳು ಚೀರಿದಳು.

"ಅದಕ್ಕೆ ಬೇರೆ ಕೆಲಸ ಇದೆ. ಸುಮ್ನಿರೇ, ಅಮ್ಮ ಪಕ್ಕದಲ್ಲೇ ಇದಾಳೆ."

ಇನ್ನು ತಡೆಯಲಾರೆ ಅನ್ನಿಸಿ ಮಗಳು ಕೀ ಕಿತ್ತುಕೊಳ್ಳುವ ಹಟದಲ್ಲಿ ಎರಡು ಸೀಟಿನ ನಡುವೆ ಬಗ್ಗಿದಳು. ಬಗ್ಗಿದವಳು ಹಾಗೇ ನಿಂತುಬಿಟ್ಟಳು.

ಕೈಚೀಲದ ಮರೆಯಲ್ಲಿ ಅಪ್ಪನ ಎಡಗೈಯನ್ನು ಎರಡೂ ಕೈಯಿಂದ ಉಗುರು ನಾಟುವಂತೆ ಹಿಡಿದುಕೊಂಡು, ಹೆಡ್ ಮೇಡಂ ಗಟ್ಟಿಯಾಗಿ ಕಣ್ಣು ಮುಚ್ಚಿ ಕೂತಿದ್ದರು.