ಇನ್ನೆಷ್ಟು ಹೊತ್ತು?

ಎರಡನೇ ರಿಂಗಿಗೇ ಸುರಕ್ಷತಾ ಅಧಿಕಾರಿಯ ಬೆರಳು ಬಂದು ಅವಳ ಕರೆ ಕತ್ತರಿಸಿತು.

"ಗಾಡಿ ಓಡ್ತಾ ಇದೆಯಮ್ಮ. ನಿಲ್ಲಲಿ, ಆಮೇಲೆ ಮಾಡು."

ಅವಳಿಗೆ ಮೈಯೆಲ್ಲ ಉರಿಯಿತು. ಪಾರ್ಸೆಲ್ ಕಂಪನಿಯ ಹದಿನೆಂಟು ವ್ಯಾನುಗಳನ್ನು ಈ ಮೇಜಿನಿಂದ ಓಡಿಸುವವಳು ಅವಳು. "ಎಲ್ಲಿದ್ದೀಯಾ? ಇನ್ನೆಷ್ಟು ಹೊತ್ತು?" ಎಂದು ಫೋನಿನಲ್ಲಿ ಕೇಳುವುದೇ ಅವಳ ಕೆಲಸ. ಇವತ್ತು ತಡವಾಗಿದ್ದು ಏಳನೆಯ ವ್ಯಾನು. ಅದರಲ್ಲಿದ್ದವನು ಅವಳ ಸ್ವಂತ ತಮ್ಮ. ಇನ್ನೊಂದು ಸಲ ತಡ ಮಾಡಿದರೆ ಮನೆಗೆ ಹೋಗು ಎಂದು ಮ್ಯಾನೇಜರ್ ಅವನಿಗೆ ಹೇಳಿಯಾಗಿತ್ತು.

ಹೆಡ್ ಆಫೀಸಿನಿಂದ ಬಂದ ಈ ಸುರಕ್ಷತಾ ಅಧಿಕಾರಿಗೆ ಚಾಲಕರು 'ಬ್ರೇಕ್ ಸಾಹೇಬ್ರು' ಎಂದು ಹೆಸರಿಟ್ಟಿದ್ದರು. ಚಾಲಕರಿಗೆ ಬುದ್ಧಿ ಹೇಳಬೇಕಾದ ಮನುಷ್ಯ ವಾರದಿಂದ ಇವಳ ಮೇಜಿನ ಪಕ್ಕದಲ್ಲೇ ಬೀಡುಬಿಟ್ಟಿದ್ದರು. ಕೂತ್ಕೊಳ್ಳಿ ಎಂದು ಎದ್ದು ಕುರ್ಚಿ ಬಿಟ್ಟುಕೊಟ್ಟರೂ ಕೂರುತ್ತಿರಲಿಲ್ಲ. ಕಚ್ಚಿಕೊಳ್ಳುವ ಡ್ರಾಯರನ್ನು ಮೊದಲ ದಿನವೇ ತುಸು ಎತ್ತಿ ಎಳೆದು ತೆರೆದಿದ್ದರು. ಅವಳಿಗೆ ಆ ಉಪಾಯ ಹೊಳೆಯಲು ಆರು ತಿಂಗಳು ಹಿಡಿದಿತ್ತು. ಹೊರಗೆ ಯಾವುದಾದರೂ ಹಾರ್ನ್ ಉದ್ದಕ್ಕೆ ಕೂಗಿದರೆ ಬಿಳಿಚಿಕೊಂಡು ನಿಂತುಬಿಡುತ್ತಿದ್ದರು. ಸ್ಟೇರಿಂಗ್ ಮುಟ್ಟಿದ್ದನ್ನು ಕಂಡವರಿಲ್ಲ, ನಡೆದೇ ಬರುತ್ತಿದ್ದರು. ಹಿಂದೆ ಯಾರ ಮೇಲೋ ಗಾಡಿ ಹತ್ತಿಸಿದ್ದಾರಂತೆ ಎಂಬ ಪಿಸುಮಾತು ಷೆಡ್ಡಿನ ತುಂಬಾ ಹಬ್ಬಿತ್ತು.

ಅವಳು ಮತ್ತೆ ಫೋನ್ ಮಾಡಿದಳು. ಅವರು ಮತ್ತೆ ಕತ್ತರಿಸಿದರು.

"ನೀವು ಮಾಡಿದ ತಪ್ಪಿಗೆ ನನ್ನ ತಮ್ಮನ ಹೊಟ್ಟೆ ಮೇಲೆ ಯಾಕೆ ಹೊಡೀತೀರಿ ಸರ್? ನಿಮ್ಮಿಂದ ಒಬ್ರು ಸತ್ತಿದ್ದು ನಿಜ ತಾನೇ?"

"ನಿಜ."

"ಕುಡಿದಿದ್ರಾ?"

"ಇಲ್ಲ."

"ಸ್ಪೀಡಾಗಿ ಹೋಗ್ತಿದ್ರಾ?"

ಅವರು ಮೇಜಿನತ್ತ ಬಾಗಿದರು. ಪರದೆಯ ನಕ್ಷೆಯ ಮೇಲೆ ತೆವಳುತ್ತಿದ್ದ ಏಳನೆಯ ವ್ಯಾನಿನ ಚುಕ್ಕಿಯನ್ನೇ ನೋಡುತ್ತಿದ್ದರು. ಅದು ನಿಂತಿತು. ಅವಳು ಕುರ್ಚಿಯಿಂದ ಅರ್ಧ ಎದ್ದಳು. ಅಷ್ಟರಲ್ಲಿ ಫೋನ್ ರಿಂಗಾಯಿತು.

"ಅಕ್ಕಾ, ಫೋನ್ ಮಾಡಿದ್ಯಾ? ಗಾಡಿ ಪಕ್ಕಕ್ಕೆ ಹಾಕಿದೀನಿ. ರಸ್ತೆ ಅಗೀತಾ ಇದಾರೆ, ಹತ್ತು ನಿಮಿಷದಲ್ಲಿ ಬಂದೆ."

"ನಿಧಾನವಾಗಿ ಬಾರೋ," ಎಂದಳು. ಹಾಗೆ ಅವನಿಗೆಂದೂ ಹೇಳಿರಲಿಲ್ಲ. ಫೋನ್ ಇಟ್ಟು ತಿರುಗಿದರೆ, ಸಾಹೇಬರು ಗೋಡೆಗೆ ಒರಗಿ ಕಣ್ಣೊರೆಸಿಕೊಳ್ಳುತ್ತಿದ್ದರು.

"ನನಗೆ ಗಾಡಿ ಓಡಿಸೋಕೇ ಬರಲ್ಲಮ್ಮ," ಎಂದರು. "ಅವತ್ತು ನಮ್ಮ ಡ್ರೈವರ್ ಗಾಡಿ ಓಡಿಸ್ತಾನೇ ನನ್ನ ಫೋನ್ ಎತ್ತಿ ಹಲೋ ಅಂದ. ಆಮೇಲೆ ಬರೀ ಹಾರ್ನ್. ನಾನು ಇದೇ ಕುರ್ಚೀಲಿ ಕೂತು ಕೇಳ್ತಾನೇ ಇದ್ದೆ: ಎಲ್ಲಿದ್ದೀಯಾ? ಇನ್ನೆಷ್ಟು ಹೊತ್ತು?"