ಅವ್ವನಿಗೊಂದು ಕ್ಯಾಮೆರಾ

"ನಿಮ್ಮವ್ವ ಯಾವುದರ ಫೋಟೋ ತೆಗೀತಾರ್ರಿ?" ನಾರಾಯಣಗೂಡದ ಕ್ಯಾಮೆರಾ ಅಂಗಡಿಯ ಮಲ್ಲಿಕಾರ್ಜುನ ಶಿವಗಂಗಾಳನ್ನು ಕೇಳಿದ. ಅವಳ ಮುಂದೆ ಎರಡು ಸಣ್ಣ ಡಿಜಿಟಲ್ ಕ್ಯಾಮೆರಾಗಳಿದ್ದವು, ಬೆಲೆ ಹೆಚ್ಚುಕಡಿಮೆ ಒಂದೇ. ಒಂದು ದೂರದ್ದನ್ನು ಹತ್ತಿರ ತರುತ್ತದೆ, ಇನ್ನೊಂದು ಹತ್ತಿರದ್ದನ್ನು ಅಗಲವಾಗಿ ಹಿಡಿಯುತ್ತದೆ ಎಂದು ಅವನು ಎರಡು ಸಲ ವಿವರಿಸಿದ್ದ. ಅವಳು ಒಂದನ್ನು ಇಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಲೇ ಇದ್ದಳು. ಕಟ್ಟಡ ಕೆಲಸಕ್ಕೆ ಹೋಗುವ, ಬಟನ್ ಫೋನ್ ಇಟ್ಟುಕೊಂಡ ಅವ್ವ ಗದಿಗೆಮ್ಮ ಒಮ್ಮೆ, "ನನಗೊಂದು ಕ್ಯಾಮೆರಾ ಇರಬೇಕಿತ್ತ ನೋಡು" ಎಂದಿದ್ದಳು. ಯಾಕೆಂದು ಮಗಳು ಕೇಳಿರಲಿಲ್ಲ.

ಕೊನೆಗೆ ಅವ್ವನಿಗೇ ಫೋನ್ ಹಚ್ಚಿದಳು. ಊರಂಚಿನ ಶಂಶಾಬಾದಿನ ಸೈಟಿನಲ್ಲಿ ಕಾಂಕ್ರೀಟ್ ಮಿಷನ್ನಿನ ಗದ್ದಲ.

"ಅವ್ವಾ, ಕ್ಯಾಮೆರಾ ಇದ್ರ ಯಾತರ ಫೋಟೋ ತೆಗೀತಿದ್ದಿ? ಗುಡಿಯೇನು, ಹಕ್ಕಿಯೇನು?"

"ಹಕ್ಕಿ ಯಾಕ? ನಾವು ಕಟ್ಟಿದ ಮನಿ ತೆಗೀತಿದ್ದೆ. ಅಡಿಗಿಮನಿ, ಹಾಲ್, ಎಲ್ಲಾ. ಬಣ್ಣ ಹೊಡದ ಮ್ಯಾಲ ಭಾಳ ಚಂದ ಕಾಣ್ತಾವ. ಮಂದಿ ಇರಾಕ ಬಂದ್ರಂದ್ರ ವಾಚ್‌ಮನ್ ನಮ್ಮನ್ನ ಗೇಟಿನ್ಯಾಗೂ ನಿಲ್ಲಗೊಡೂದಿಲ್ಲ."

ಶಿವಗಂಗಾ ಫೋನ್ ಇಟ್ಟಳು. ಅವ್ವ ಹದಿನೈದು ವರ್ಷದಿಂದ ಈ ಊರಿನಲ್ಲಿ ಮನೆ ಕಟ್ಟುತ್ತಿದ್ದಳು. ಅವುಗಳಲ್ಲಿ ಒಂದನ್ನೂ ಮಗಳು ನೋಡಿರಲಿಲ್ಲ.

"ಇದ್ರಾಗ ಇಡೀ ಖೋಲಿ ಹಿಡಿಸ್ತೈತೇನ್ರಿ?" ಅಗಲದ ಕ್ಯಾಮೆರಾ ತೋರಿಸಿ ಕೇಳಿದಳು.

"ಬಾಗಲದಾಗ ನಿಂತ್ರ ಸಾಕ್ರಿ."

"ಹಂಗಾರ ಇದನ್ನ ಕೊಡ್ರಿ. ಹೆಂಗ ತೆಗೀಬೇಕು ಅಂತ ನನಗ ಈಗ ಕಲಿಸ್ರಿ. ನಾಳೆ ಅವ್ವನ ಜೋಡಿ ನಾನೂ ಸೈಟಿಗೆ ಹೋಗ್ತೀನಿ."